ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಮೂವರು ಮಾಟಗಾತಿಯರು ಬರೀ ಕಲ್ಪನೆಯೇ?

ಪೂರ್ತಿ ಕಲ್ಪನೆಯಲ್ಲ. ಜರಡಿಯಲ್ಲಿ ಕುಳಿತು ಕಡಲು ದಾಟುತ್ತೇನೆ, ನಾವಿಕನ ಹಡಗನ್ನು ಬಿರುಗಾಳಿಗೆ ಸಿಕ್ಕಿಸುತ್ತೇನೆ ಎಂದು ಆ ಮೂವರಲ್ಲಿ ಒಬ್ಬಳು ಆಡುವ ಮಾತಿಗೆ ಮಾಟದ ಆರೋಪದ ಮೇಲೆ ಸ್ಕಾಟ್ಲೆಂಡಿನಲ್ಲಿ ನಡೆದ ನಾರ್ತ್ ಬೆರಿಕ್ ವಿಚಾರಣೆಗಳೇ ಮೂಲವಿರಬೇಕು ಎಂಬುದು ಒಪ್ಪತಕ್ಕ ಊಹೆ. 1590ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಮದುವೆಯಾಗಿ ಡೆನ್ಮಾರ್ಕಿನಿಂದ ಮರಳುವಾಗ ಎದುರಾದ ಬಿರುಗಾಳಿಯನ್ನು ಮಾಟದ ಫಲವೆಂದೇ ನಂಬಲಾಯಿತು. ಆ ವಿಚಾರಣೆಗಳಲ್ಲಿ ಆರೋಪಿಯಾದ ಆಗ್ನೆಸ್ ಸ್ಯಾಂಪ್ಸನ್ ಎಂಬ ನಾಟಿ ವೈದ್ಯೆಯ ಮೈಗೂದಲನ್ನೆಲ್ಲ ಬೋಳಿಸಿ, ತಲೆಗೆ ಹಗ್ಗ ಸುತ್ತಿ ಬಿಗಿದು ಹೊರಡಿಸಿದ ತಪ್ಪೊಪ್ಪಿಗೆಯಲ್ಲಿ (ಅಂಥ ಹಿಂಸೆಯಲ್ಲಿ ಯಾರು ಏನನ್ನು ತಾನೇ ಒಪ್ಪಿಕೊಳ್ಳುವುದಿಲ್ಲ!) ಇನ್ನೂರು ಮಂದಿ ದ್ರಾಕ್ಷಾರಸ ಕುಡಿಯುತ್ತ ಜರಡಿಗಳಲ್ಲಿ ಕಡಲಯಾನ ಮಾಡಿದರೆಂಬ ವಿವರ ಬರುತ್ತದೆ, 1591ರ ಕರಪತ್ರವೊಂದು ಅದನ್ನು ಅಚ್ಚಿಸಿತು. 1597ರಲ್ಲಿ ಮಾಟದ ಬಗ್ಗೆ ತಾನೇ ಗ್ರಂಥ ಬರೆದ ಈ ಜೇಮ್ಸ್, 1603ರಲ್ಲಿ ಇಂಗ್ಲೆಂಡಿಗೂ ದೊರೆಯಾಗಿ, ಶೇಕ್ಸ್‌ಪಿಯರ್‌ನ ನಾಟಕ ತಂಡಕ್ಕೆ ಪೋಷಕನಾದನು.