ಪರದೆ ಕಪ್ಪಾಗುತ್ತದೆ, ಹಾಡು ಮಾತ್ರ ನಿಲ್ಲುವುದಿಲ್ಲ: ಹಳೆಯ ಗ್ರಾಫಿಕ್ಸ್ ಕಾರ್ಡಿನ ತೊಂದರೆ

ಪ್ರಶ್ನೆ: ಬ್ಲೆಂಡರ್ ಎಂಬ ತ್ರೀಡಿ ಚಿತ್ರಗಳ ತಂತ್ರಾಂಶ ಕಲಿಯುತ್ತಿರುವ ನನ್ನ ಮಗಳಿಗಾಗಿ ಇಲ್ಲಿಯ ಅಂಗಡಿಯೊಂದರಲ್ಲಿ 8 ಜಿಬಿಯ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಏಳು ದಿನಗಳ ಟೆಸ್ಟಿಂಗ್ ವಾರಂಟಿ ಇದೆ, ನಾಲ್ಕು ದಿನ ಕಳೆದಿದೆ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯಾದ ನಮ್ಮ ಹಳೆಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ನಿನ ವೈರ್ ಇಲ್ಲದ್ದರಿಂದ, ಎರಡು ಸಾಟಾ ಕನೆಕ್ಟರ್‌ಗಳನ್ನು ಸೇರಿಸಿ ಎಂಟು ಪಿನ್ ಮಾಡುವ ಕನ್ವರ್ಟರ್ ಕೇಬಲನ್ನು ಅಂಗಡಿಯವರೇ ಕೊಟ್ಟರು. ಬ್ರೌಸಿಂಗ್, ವಿಡಿಯೊ ಎಲ್ಲವೂ ಸರಿಯಾಗಿವೆ. ಗೇಮ್ ಆಡಿದರೆ ಅಥವಾ ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯವನ್ನು ತೆರೆದರೆ ಹತ್ತು ಹದಿನೈದು ನಿಮಿಷಗಳಲ್ಲಿ ಪರದೆ ಕಪ್ಪಾಗಿ ಕಾರ್ಡಿನ ಫ್ಯಾನ್ ಜೋರಾಗಿ ಕೂಗುತ್ತದೆ, ಆದರೆ ಹಾಕಿದ್ದ ಹಾಡು ಕೇಳಿಸುತ್ತಲೇ ಇರುತ್ತದೆ. ಎರಡು ಸಲ ಕಪ್ಪಾಗುವ ಮುನ್ನ ಬಣ್ಣದ ಚೌಕಗಳು ಕಂಡವು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ನಾನೇ ಹೊಸದಾಗಿ ಹಾಕಿದ್ದೇನೆ. ಮೈನಿಂಗ್‌ಗೆ (ಲೆಕ್ಕ ಬಿಡಿಸಿ ಕ್ರಿಪ್ಟೊ ಹಣ ಗಳಿಸುವ ಕೆಲಸಕ್ಕೆ) ಬಳಸಿದ ಕಾರ್ಡ್ ಇರಬೇಕು ಎಂದು ಪರಿಚಯದವರು ಹೇಳುತ್ತಾರೆ. ಕಾರ್ಡ್ ಕೆಟ್ಟಿದೆಯೇ? ಬಿಚ್ಚಿ, ಚಿಪ್ಪಿನ ಬಿಸಿಯನ್ನು ಹೊರಸಾಗಿಸುವ ಪೇಸ್ಟ್ ಬದಲಿಸಲೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಕಾರ್ಡನ್ನು ಬಿಚ್ಚಬೇಡಿ. ಹೀಟ್‌ಸಿಂಕಿನ ಸ್ಕ್ರೂ ಮೇಲಿನ ಸ್ಟಿಕರ್ ಹರಿದರೆ ಉಳಿದಿರುವ ಮೂರು ದಿನಗಳ ವಾರಂಟಿಯನ್ನು ನಿಮ್ಮ ಕೈಯಾರೆ ಕಳೆದುಕೊಂಡಂತಾಗುತ್ತದೆ. ಅದಕ್ಕಿಂತ ತುರ್ತಾದ ಮಾತೆಂದರೆ, ಆ ಕನ್ವರ್ಟರ್ ಕೇಬಲನ್ನು ಇವತ್ತೇ ಕಿತ್ತಿಡಿ. ಕಾರ್ಡ್ ಕೆಟ್ಟಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಈ ಕೇಬಲಿನ ಮೇಲೆ ಆ ಕಾರ್ಡನ್ನು ನಡೆಸುವುದು ಮಾತ್ರ ಖಂಡಿತವಾಗಿಯೂ ಅಪಾಯ.

ಲೆಕ್ಕ ಸರಳವಾಗಿದೆ. ಎಎಂಡಿ ಕಂಪನಿ 2017ರಲ್ಲಿ ಈ ಕಾರ್ಡನ್ನು ತಂದಾಗ ಅದರ ವಿದ್ಯುತ್ ಬಳಕೆಯನ್ನು 185 ವ್ಯಾಟ್ ಎಂದು ಸೂಚಿಸಿತ್ತು. ವೇಗ ಹೆಚ್ಚಿಸಿ ಮಾರಿದ ಮಾದರಿಗಳು ಇದಕ್ಕಿಂತ ಹೆಚ್ಚು ಎಳೆಯುತ್ತವೆ. ಮದರ್‌ಬೋರ್ಡಿನ ಸ್ಲಾಟ್ ಕೊಡಬಹುದಾದದ್ದು ಹೆಚ್ಚೆಂದರೆ 75 ವ್ಯಾಟ್. ಉಳಿದದ್ದೆಲ್ಲ ಎಂಟು ಪಿನ್ನಿನ ವೈರಿನಿಂದ ಬರಬೇಕು, ಅದನ್ನು 150 ವ್ಯಾಟ್‌ಗೆಂದೇ ರೂಪಿಸಲಾಗಿದೆ. ಆದರೆ ಸಾಟಾ ಕನೆಕ್ಟರ್ ಹಾರ್ಡ್ ಡಿಸ್ಕಿಗಾಗಿ ಹುಟ್ಟಿದ್ದು. ಅದರಲ್ಲಿ 12 ವೋಲ್ಟಿನ ಮೂರು ಸಣ್ಣ ಪಿನ್ನುಗಳಿವೆ, ಪ್ರತಿಯೊಂದರ ಮಿತಿ 1.5 ಆಂಪಿಯರ್. ಅಂದರೆ ಒಂದು ಕನೆಕ್ಟರಿಗೆ 54 ವ್ಯಾಟ್, ಎರಡಕ್ಕೆ 108. ಆ ಎರಡೂ ಎಸ್‌ಎಂಪಿಎಸ್‌ನಿಂದ ಹೊರಟ ಒಂದೇ ವೈರಿನ ಸಾಲಿನಲ್ಲಿದ್ದರೆ ಇಡೀ ಭಾರ ಒಂದೇ ಹಳದಿ ತಂತಿಯ ಮೇಲೆ ಬೀಳುತ್ತದೆ. ಬ್ರೌಸಿಂಗ್ ಮಾಡುವಾಗ ಕಾರ್ಡ್ ಮೂವತ್ತು ನಲವತ್ತು ವ್ಯಾಟ್ ಬಳಸಿ ಸುಮ್ಮನಿರುವುದರಿಂದ ತೊಂದರೆ ಕಾಣುವುದಿಲ್ಲ. ಗೇಮ್ ಶುರುವಾಗಿ ಪಿನ್ನುಗಳು ಬಿಸಿಯಾದಂತೆ ಅಲ್ಲಿಯ ಪ್ರತಿರೋಧ ಹೆಚ್ಚಿ, ಕಾರ್ಡಿಗೆ ತಲುಪುವ ವೋಲ್ಟೇಜ್ ಕುಸಿಯುತ್ತದೆ. ನೀವು ಹೇಳುವ ಹತ್ತು ಹದಿನೈದು ನಿಮಿಷ ಈ ಬಿಸಿಯಾಗುವ ಹೊತ್ತಿಗೆ ಚೆನ್ನಾಗಿ ಹೊಂದುತ್ತದೆ.

ಹಿಂದೊಮ್ಮೆ ಇಂಥದೇ ದೂರಿನ ಕಂಪ್ಯೂಟರೊಂದು ನನ್ನ ಮೇಜಿನ ಮೇಲೆ ಬಂದಿತ್ತು. ಕಾರ್ಡ್ ಸತ್ತಿದೆ ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಕನ್ವರ್ಟರನ್ನು ಎಳೆದರೆ ಸುಲಭವಾಗಿ ಬರಲಿಲ್ಲ. ಬಂದಾಗ ನೋಡಿದರೆ ಸಾಟಾ ಕನೆಕ್ಟರಿನ ಕಪ್ಪು ಪ್ಲಾಸ್ಟಿಕ್ ಹಳದಿ ತಂತಿಯ ಬುಡದಲ್ಲಿ ಮೇಣದಂತೆ ಕರಗಿ ಗುಳ್ಳೆ ಎದ್ದಿತ್ತು, ಮೂಸಿದರೆ ಸುಟ್ಟ ವಾಸನೆ. ಕಾರ್ಡಿಗೆ ಏನೂ ಆಗಿರಲಿಲ್ಲ. ನೀವೂ ಯಂತ್ರವನ್ನು ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಆ ಜಾಗವನ್ನು ಬೆಳಕು ಹಿಡಿದು ನೋಡಿ. ಕಂದುಬಣ್ಣ ಅಥವಾ ಮೆತ್ತಗಾದ ಪ್ಲಾಸ್ಟಿಕ್ ಕಂಡರೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ; ಅಂಗಡಿಯವರೊಂದಿಗೆ ಮಾತನಾಡುವಾಗ ಅದು ಬೇಕಾಗುತ್ತದೆ.

ಹಾಡು ನಿಲ್ಲುವುದಿಲ್ಲ ಎಂದು ನೀವು ಬರೆದದ್ದು ಬಹಳ ಉಪಯುಕ್ತವಾದ ಮಾಹಿತಿ. ಪ್ರೊಸೆಸರ್, ರ್‍ಯಾಮ್, ವಿಂಡೋಸ್ ಎಲ್ಲವೂ ಬದುಕಿದ್ದು, ಕಾರ್ಡ್ ಒಂದೇ ಬಿದ್ದುಹೋಗುತ್ತಿದೆ ಎಂದು ಅದು ತಿಳಿಸುತ್ತದೆ. ಆದ್ದರಿಂದ ಮನೆಯ ಯುಪಿಎಸ್ಸನ್ನಾಗಲಿ ಸಂಜೆಯ ಲೋ ವೋಲ್ಟೇಜನ್ನಾಗಲಿ ದೂರಬೇಕಾಗಿಲ್ಲ. ಅವುಗಳಿಂದಾಗಿದ್ದರೆ ಇಡೀ ಯಂತ್ರವೇ ಆಫ್ ಆಗುತ್ತಿತ್ತು ಅಥವಾ ರೀಸ್ಟಾರ್ಟ್ ಆಗುತ್ತಿತ್ತು. ಚಿಪ್ ಕೈಕೊಟ್ಟು ನಿಯಂತ್ರಣ ತಪ್ಪಿದಾಗ ಫ್ಯಾನ್ ಪೂರ್ಣ ವೇಗಕ್ಕೆ ಹೋಗುವುದು ಈ ಕಾರ್ಡುಗಳಲ್ಲಿ ಸಾಮಾನ್ಯ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಆ ಬಣ್ಣದ ಚೌಕಗಳು. ಅವು ಕಾರ್ಡಿನ ಸ್ವಂತ ಮೆಮೊರಿ ಚಿಪ್ಪುಗಳು ತಪ್ಪು ಮಾಡುತ್ತಿರುವುದರ ಗುರುತಾಗಿರಬಹುದು, ಸಾಕಷ್ಟು ವಿದ್ಯುತ್ ಸಿಗದ ಕಾರ್ಡಿನ ಕೊನೆಯ ಕ್ಷಣದ ತಪ್ಪುಗಳೂ ಆಗಿರಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬರುವ ಮದರ್‌ಬೋರ್ಡಿನ ಲೋಗೊದ ಮೇಲೆಯೇ ಚೌಕ, ಗೆರೆಗಳು ಕಂಡರೆ ಅದು ಯಂತ್ರಾಂಶದ ದೋಷವೇ ಸರಿ, ಏಕೆಂದರೆ ಆ ಹೊತ್ತಿಗೆ ಡ್ರೈವರ್ ಇನ್ನೂ ತೆರೆದುಕೊಂಡಿರುವುದಿಲ್ಲ. ನಿಮ್ಮಲ್ಲಿ ಹಾಗೆ ಕಂಡಿಲ್ಲವಾದ್ದರಿಂದ ಕಾರ್ಡಿನ ಮೇಲೆ ಈಗಲೇ ತೀರ್ಪು ಕೊಡಲಾರೆ.

ತೀರ್ಪು ಸಿಗುವ ಜಾಗ ಅಂಗಡಿಯ ಮೇಜು. ನಾಳೆಯೇ ಕಾರ್ಡನ್ನು ಒಯ್ದು, ಮೂಲದಲ್ಲೇ ಎಂಟು ಪಿನ್ನಿನ ವೈರ್ ಇರುವ 500 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಒಳ್ಳೆಯ ಎಸ್‌ಎಂಪಿಎಸ್ ಹಾಕಿದ ಅವರ ಯಂತ್ರದಲ್ಲಿ, ನಿಮ್ಮ ಕಣ್ಣೆದುರು ಅರ್ಧ ಗಂಟೆ ನಡೆಸಲು ಹೇಳಿ. ಬರೀ ಡೆಸ್ಕ್‌ಟಾಪ್ ತೋರಿಸಿ ‘ನೋಡಿ ಸರ್, ಡಿಸ್ಪ್ಲೇ ಬಂತಲ್ಲ’ ಎಂದರೆ ಒಪ್ಪಬೇಡಿ. ಓಸಿಸಿಟಿ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಮೆಮೊರಿಯನ್ನೇ ಪರೀಕ್ಷಿಸುವ ಸೌಲಭ್ಯವಿದೆ. ಮೊದಲು ಅದನ್ನು ಓಡಿಸಿ, ನಂತರ ಯೂನಿಜಿನ್ ಹೆವನ್‌ನಂಥ ಭಾರದ ಪರೀಕ್ಷೆ ನಡೆಸಲಿ. ಜೊತೆಗೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು, ಸೆನ್ಸರ್ ಪುಟದಲ್ಲಿ ಅಂಕಿಗಳನ್ನು ಫೈಲಿಗೆ ಬರೆಯುವ ಆಯ್ಕೆಯನ್ನು ಒತ್ತಿಸಿ. ಪರದೆ ಕಪ್ಪಾದರೂ ಆ ಫೈಲಿನ ಕೊನೆಯ ಸಾಲು ಉಳಿದಿರುತ್ತದೆ: ಅಲ್ಲಿ ಉಷ್ಣತೆ 90 ಡಿಗ್ರಿ ಮುಟ್ಟಿದ್ದರೆ ಪೇಸ್ಟ್ ಅಥವಾ ಫ್ಯಾನಿನ ಮೇಲೆ ಅನುಮಾನ ಪಡಬೇಕು, 70ರ ಆಸುಪಾಸಿನಲ್ಲೇ ಬಿದ್ದಿದ್ದರೆ ಚಿಪ್ಪಿನ ಬಿಸಿ ಕಾರಣವಲ್ಲ. ಮೆಮೊರಿ ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಬಂದರೂ ಕಾರ್ಡನ್ನು ಹಿಂದಿರುಗಿಸಿ.

ಅದೇ ಜಿಪಿಯು-ಝಡ್‌ನ ಮೊದಲ ಪುಟದಲ್ಲಿ, ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳಾದ ಶೇಡರ್‌ಗಳ ಸಂಖ್ಯೆಯನ್ನೂ ನೋಡಿ. ನಿಜವಾದ ಆರ್‌ಎಕ್ಸ್ 580ರಲ್ಲಿ 2304 ಇರಬೇಕು. 2048 ಎಂದಿದ್ದರೆ ಅದು ಅದೇ ಹೆಸರಿನಲ್ಲಿ ಬಂದ ಕೆಳದರ್ಜೆಯ ಮಾದರಿ, ಶಕ್ತಿಯಲ್ಲಿ ಆರ್‌ಎಕ್ಸ್ 570ಕ್ಕೆ ಸಮ. ಬೆಲೆಯೂ ಅದಕ್ಕೆ ತಕ್ಕಂತಿರಬೇಕು.

ಮೈನಿಂಗ್ ವಿಷಯ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಹಣದ ಜಾಲ ಮೈನಿಂಗನ್ನು ಕೈಬಿಟ್ಟ ಮೇಲೆ ಇಂಥ ಕಾರ್ಡುಗಳು ರಾಶಿ ರಾಶಿಯಾಗಿ ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು, ನಿಮ್ಮದೂ ಅದರಲ್ಲೊಂದಿರಬಹುದು. ಅಷ್ಟಕ್ಕೇ ಅದನ್ನು ಬೇಡವೆನ್ನಬೇಕಾಗಿಲ್ಲ. ಹಗಲೂ ರಾತ್ರಿ ಓಡಿದ ಕಾರ್ಡಿನಲ್ಲಿ ಮೊದಲು ಸವೆಯುವುದು ಫ್ಯಾನಿನ ಬೇರಿಂಗ್, ಒಣಗುವುದು ಪೇಸ್ಟ್ ಮತ್ತು ಪ್ಯಾಡ್, ಅವು ಬದಲಿಸಬಹುದಾದವು. ಮೈನಿಂಗ್‌ಗಾಗಿ ಬಯಾಸನ್ನು (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತಿದ್ದಿದ್ದರೆ, ಮಾಮೂಲಿ ಡ್ರೈವರ್ ಹಾಕಿದಾಗ ಸಾಮಾನ್ಯವಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 43 ಎಂಬ ದೋಷ ಬರುತ್ತದೆ. ನೀವೇ ಹಾಕಿದ ಡ್ರೈವರ್ ಸರಿಯಾಗಿ ಕೂತಿರುವುದರಿಂದ ಆ ಅನುಮಾನ ಕಡಿಮೆ.

ಕಾರ್ಡ್ ಅಂಗಡಿಯಲ್ಲಿ ಸೋತರೆ ಹಣವನ್ನೇ ಕೇಳಿ. ಚಿಪ್ಪಿಗೆ ಬಿಸಿಗಾಳಿ ಹೊಡೆದು ಸರಿಮಾಡಿಕೊಡುತ್ತೇವೆ ಎಂದರೆ ಬೇಡವೆನ್ನಿ, ಹಾಗೆ ಎದ್ದ ಕಾರ್ಡುಗಳು ಕೆಲವೇ ವಾರಗಳಲ್ಲಿ ಮತ್ತೆ ಮಲಗಿದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ. ಹಣ ಕೈಗೆ ಬಂದರೆ ಇನ್ನೊಂದು ಮಾತನ್ನೂ ಗಮನಿಸಿ. ಬ್ಲೆಂಡರ್ 3.0 ಆವೃತ್ತಿಯಿಂದೀಚೆಗೆ ಅದರ ಸೈಕಲ್ಸ್ ಎಂಬ ರೆಂಡರ್ (ದೃಶ್ಯದಿಂದ ಅಂತಿಮ ಚಿತ್ರ ತಯಾರಿಸುವ) ವಿಭಾಗ ಈ ತಲೆಮಾರಿನ ಕಾರ್ಡುಗಳನ್ನು ಬಳಸಿಕೊಳ್ಳುವುದಿಲ್ಲ, ಆ ಕೆಲಸವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ನಿಮ್ಮ ಮಗಳು ಸೈಕಲ್ಸ್‌ನಲ್ಲೇ ಕಲಿಯುವವಳಾದರೆ ಬೇರೆ ಕಾರ್ಡ್ ಹುಡುಕುವುದು ಮೇಲು.

ಕಾರ್ಡ್ ಗೆದ್ದರೆ, ನಿಮ್ಮ ಎಸ್‌ಎಂಪಿಎಸ್ ಬದಲಾಗಬೇಕು. ಹೊರಗಿನ 450 ಎಂಬ ದೊಡ್ಡ ಅಂಕಿಯನ್ನು ನಂಬದೆ, ಲೇಬಲ್ಲಿನಲ್ಲಿ 12 ವೋಲ್ಟ್ ಕೆಳಗೆ ಬರೆದ ಆಂಪಿಯರನ್ನು 12ರಿಂದ ಗುಣಿಸಿ ನೋಡಿ. 20 ಆಂಪಿಯರ್ ಇದ್ದರೆ ಸಿಗುವುದು 240 ವ್ಯಾಟ್ ಮಾತ್ರ. ಪರಿಚಿತ ಕಂಪನಿಯ 550 ವ್ಯಾಟಿನದೊಂದು ಸಾಕು. ಹೊಸದರ ವೈರುಗಳು ಬಿಚ್ಚಿ ಹಾಕುವ ಬಗೆಯವಾದರೆ ಅದರ ಪೆಟ್ಟಿಗೆಯಲ್ಲಿ ಬಂದವನ್ನೇ ಬಳಸಿ. ಬೇರೆ ಎಸ್‌ಎಂಪಿಎಸ್‌ನ ವೈರ್ ಸರಿಯಾಗಿ ಕೂತರೂ ಒಳಗಿನ ಪಿನ್ನುಗಳ ಕ್ರಮ ಬೇರೆಯಾಗಿರಬಹುದು, ಆಗ ಸ್ವಿಚ್ ಹಾಕಿದ ಕ್ಷಣದಲ್ಲೇ ಒಳ್ಳೆಯ ಕಾರ್ಡ್ ಸುಟ್ಟುಹೋಗಬಹುದು.