ಕಿತ್ತಳೆ ಜೈಂಟ್ ಗುಂಬಳಕ್ಕೆ ಗುಂಬಳದ ಕುಲದ್ದೇ ಆದ ಹಸಿರು ಸ್ಕ್ವಾಷಿನ ಪರಾಗ ಹಾಕಿದ್ದೆ. 50 ದಿನವಾದರೂ ಕಾಯಿ ಪೂರ್ತಿ ಕಿತ್ತಳೆಯೇ. ಕ್ರಾಸ್ ಆಗಲಿಲ್ಲವೇ? ಬೀಜ ಇಟ್ಟುಕೊಳ್ಳಲೇ, ಬಿಸಾಡಿ ಹೊಸದು ಕೊಳ್ಳಲೇ? ಇಟ್ಟುಕೊಂಡು ಬಿತ್ತಿದರೆ ಕಿತ್ತಳೆ ಗೆಲ್ಲುತ್ತದೋ ಹಸಿರು ಗೆಲ್ಲುತ್ತದೋ?

ಬೀಜ ಬಿಸಾಡಬೇಡಿ. ನಾನು ಬಿಸಾಡಿದ್ದೆ.

ನಿಮ್ಮದೇ ಜೋಡಿ ನನ್ನದೂ: ಸ್ಪರ್ಧೆಗೆ ಬೆಳೆಯುವ ಅಟ್ಲಾಂಟಿಕ್ ಜೈಂಟ್ ಎಂಬ ಕಿತ್ತಳೆ ಬಣ್ಣದ ದೈತ್ಯ ಗುಂಬಳ ತಾಯಿ, ಹಸಿರು ಸ್ಕ್ವಾಷ್ ತಂದೆ. ಜಾಗ ಅಮೆರಿಕದ ಮ್ಯಾಸಚೂಸೆಟ್ಸ್. ಜುಲೈ ಮೊದಲ ವಾರ ಪರಾಗ ಮುಟ್ಟಿಸಿದೆ. ಆಗಸ್ಟ್ ಕೊನೆಗೆ ಕಾಯಿ ಇಬ್ಬರು ತಬ್ಬುವಷ್ಟು ಬೆಳೆದಿತ್ತು, ಸಿಪ್ಪೆಯ ಮೇಲೆ ಹುಡುಕಿದರೂ ಒಂದು ಹಸಿರು ಗೆರೆ ಇರಲಿಲ್ಲ. ನನಗಿಂತ ಮುಂಚೆ ಜೇನುಹುಳು ಬಂದು ಪಕ್ಕದ ಕಿತ್ತಳೆ ಬಳ್ಳಿಯ ಪರಾಗ ಹಾಕಿ ಹೋಗಿದೆ ಅಂದುಕೊಂಡೆ. ಅಕ್ಟೋಬರಿನಲ್ಲಿ ಕಾಯಿ ಕಡಿದು, ಬೀಜವನ್ನೆಲ್ಲ ತಿರುಳಿನ ಸಮೇತ ಗೊಬ್ಬರದ ಗುಂಡಿಗೆ ಸುರಿದೆ. ಕಡಿಮೆಯೆಂದರೂ ನಾನೂರು ಬೀಜ.

ಮುಂದಿನ ಜೂನಿನಲ್ಲಿ ಗುಂಡಿಯ ಅಂಚಿನಲ್ಲಿ ತಾನಾಗಿಯೇ ಒಂದು ಬಳ್ಳಿ ಎದ್ದಿತು. ಅದರಲ್ಲಿ ಬಿಟ್ಟ ಕಾಯಿ ಬೂದು ಬೆರೆತ ಹಸಿರು. ಹೂ ಉದುರಿದ ತುದಿಯಲ್ಲಿ ಮಾತ್ರ ಅಂಗೈಯಗಲ ಕಿತ್ತಳೆ. ಹಿಂದಿನ ವರ್ಷ ಸುತ್ತಮುತ್ತ ಹಸಿರು ಕಾಯಿಯ ಬಳ್ಳಿ ಅಂತ ಇದ್ದದ್ದು ನನ್ನ ಆ ಒಂದೇ ತಂದೆ ಬಳ್ಳಿ, ಅದರ ಕಾಯಿ ಗುಂಡಿಗೆ ಬಿದ್ದೇ ಇರಲಿಲ್ಲ. ಅಂದರೆ ಕ್ರಾಸ್ ಆಗಿದ್ದಿರಬೇಕು. ಆ ಬಳ್ಳಿಯ ಹೂಗಳಿಗೆ ನಾನು ಮುಸುಕು ಹಾಕಿರಲಿಲ್ಲ, ಹಾಗಾಗಿ ಅದರ ಬೀಜಕ್ಕೂ ತಂದೆ ಯಾರೆಂಬ ಲೆಕ್ಕ ತಪ್ಪಿತು. ಎರಡು ಸೀಸನ್ ಹೋಯಿತು.

ನನ್ನ ತಪ್ಪು ಒಂದೇ: ಕಾಯಿಯ ಬಣ್ಣ ನೋಡಿ ಬೀಜದ ತಂದೆಯನ್ನು ತೀರ್ಮಾನಿಸಿದ್ದು. ನೀವೂ ಅದನ್ನೇ ಮಾಡಲು ಹೊರಟಿರುವುದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟೋ ನಿಂಬೆಯಷ್ಟೋ ದೊಡ್ಡ ಹೀಚು ಇರುತ್ತದಲ್ಲ, ಅದು ಹೂ ಅರಳುವ ಮೊದಲೇ ಇರುತ್ತದೆ. ಪರಾಗ ಬೀಳುವ ಮೊದಲೇ ಇದ್ದದ್ದು ಪೂರ್ತಿ ತಾಯಿಯದು. ಅದೇ ಹೀಚು ಉಬ್ಬಿ ಕಾಯಿಯಾಗುತ್ತದೆ. ಸಿಪ್ಪೆ, ತಿರುಳು, ತೊಟ್ಟು ಎಲ್ಲವೂ ತಾಯಿ ಬಳ್ಳಿಯದೇ ಮುಂದುವರಿಕೆ. ಪರಾಗದಿಂದ ಬಂದ ತಂದೆಯ ಪಾಲು ಸೇರುವುದು ಬೀಜದ ಒಳಗಿರುವ ಭ್ರೂಣಕ್ಕೆ ಮತ್ತು ಅದಕ್ಕೆ ಆಹಾರವಾಗುವ ಭಾಗಕ್ಕೆ ಮಾತ್ರ. ಬೀಜದ ಹೊರಗಿನ ಗಟ್ಟಿ ಹೊಟ್ಟು ಕೂಡ ತಾಯಿಯದೇ, ಹಾಗಾಗಿ ಬೀಜದ ಆಕಾರ, ಬಣ್ಣ ನೋಡಿದರೂ ಏನೂ ಗೊತ್ತಾಗುವುದಿಲ್ಲ. ಹಸಿರು ಸ್ಕ್ವಾಷಿನ ಪರಾಗ ಹಾಕಿ, ನೀಲಿ ಸಿಪ್ಪೆಯ ಹಬ್ಬರ್ಡ್ ಸ್ಕ್ವಾಷಿನದು ಹಾಕಿ, ಈ ವರ್ಷದ ಕಾಯಿ ಕಿತ್ತಳೆಯೇ. ತಂದೆಯ ಬಣ್ಣ ಕಾಣಬೇಕಾದರೆ ಬೀಜ ಬಿತ್ತಿ, ಬಳ್ಳಿ ಹಬ್ಬಿ, ಆ ಬಳ್ಳಿಯಲ್ಲಿ ಕಾಯಿ ಬಿಡಬೇಕು. ಬಸುರಿಯ ಮುಖ ನೋಡಿ ಮಗು ಯಾರ ಹಾಗಿದೆ ಎಂದು ಹೇಳಲಾಗುತ್ತದೆಯೇ?

ಹಾಗಾದರೆ ಮುಸುಕಿನ ಜೋಳದಲ್ಲಿ ಅದೇ ವರ್ಷ ತೆನೆಯಲ್ಲಿ ಬಣ್ಣಬಣ್ಣದ ಕಾಳು ಬರುವುದು ಹೇಗೆ ಎಂದು ಕೇಳುತ್ತೀರಿ. ಅಲ್ಲಿ ನಾವು ನೋಡುವುದೇ ಬೀಜವನ್ನು. ಕಾಳಿನೊಳಗಿನ ಹಿಟ್ಟಿನ ಭಾಗಕ್ಕೂ ಪರಾಗದ ಪಾಲಿದೆ, ಅದರ ಬಣ್ಣ ಮೇಲಿನ ತೆಳು ಸಿಪ್ಪೆಯಲ್ಲಿ ಹಾದು ಕಾಣುತ್ತದೆ. ಗುಂಬಳದಲ್ಲಿ ನಾವು ನೋಡುತ್ತಿರುವುದು ಬೀಜವನ್ನು ಹೊತ್ತ ತಾಯಿಯನ್ನು. ಊರ ಕಡೆ ಖಾರದ ಮೆಣಸಿನ ಪಕ್ಕ ದೊಣ್ಣೆಮೆಣಸು ಹಾಕಿದರೆ ಆ ವರ್ಷವೇ ಅದೂ ಖಾರವಾಗುತ್ತದೆ ಎನ್ನುತ್ತಾರಲ್ಲ, ಆ ನಂಬಿಕೆಯೂ ಇದೇ ಕಾರಣಕ್ಕೆ ಸುಳ್ಳು.

ಕ್ರಾಸ್ ನಿಜವಾಗಿ ಆಗಿದೆಯೇ ಎಂದು ಖಾತ್ರಿಯಾಗಬೇಕಾದರೆ ನೋಡಬೇಕಾದದ್ದು ಹುಳು ಒಳಗೆ ಹೋಗದಂತೆ ನೀವು ಹೂವಿನ ಬಾಯಿ ಕಟ್ಟಿದ ರೀತಿಯನ್ನು. ಹಿಂದಿನ ಸಂಜೆಯೇ ಕಟ್ಟಿದ್ದಿರಾ, ಇಲ್ಲ ಬೆಳಗ್ಗೆ ಅರಳಿದ ಹೂವಿಗೆ ಪರಾಗ ಹಾಕಿ ಆಮೇಲೆ ಕಟ್ಟಿದಿರಾ? ಎರಡನೆಯದಾದರೆ ನಿಮ್ಮ ಅನುಮಾನಕ್ಕೆ ಅರ್ಥವಿದೆ. ಗುಂಬಳದ ಪರಾಗ ದಪ್ಪ, ಅಂಟು, ಗಾಳಿಯಲ್ಲಿ ಹಾರುವುದಿಲ್ಲ. ಆದರೆ ಅಮೆರಿಕದಲ್ಲಿ ಗುಂಬಳದ ಹೂವನ್ನೇ ನಂಬಿ ಬದುಕುವ ಸ್ಕ್ವಾಷ್ ಜೇನುಗಳಿವೆ, ಅವು ಸೂರ್ಯ ಹುಟ್ಟುವ ಹೊತ್ತಿಗೇ ಕೆಲಸ ಶುರುಮಾಡಿರುತ್ತವೆ. ನೀವು ಕಾಫಿ ಕುಡಿದು ತೋಟಕ್ಕೆ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ.

ನಾನು ಈಗ ಮಾಡುವುದು ಹೀಗೆ. ನಾಳೆ ಅರಳುವ ಮೊಗ್ಗು ಇವತ್ತು ಸಂಜೆ ಗುರುತು ಸಿಗುತ್ತದೆ: ಹಸಿರು ಹೋಗಿ ತುದಿ ಹಳದಿಗೆ ತಿರುಗಿರುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ, ಎಸಳುಗಳು ಇನ್ನೂ ಸುರುಳಿಯಾಗಿರುತ್ತವೆ. ಅಂಥ ಒಂದು ಹೆಣ್ಣು ಮೊಗ್ಗು, ತಂದೆ ಬಳ್ಳಿಯಿಂದ ಮೂರು ಗಂಡು ಮೊಗ್ಗು. ಎಲ್ಲದರ ತುದಿಯನ್ನೂ ಉಣ್ಣೆದಾರದಿಂದ ಕಟ್ಟುತ್ತೇನೆ, ಎಸಳು ಹರಿಯದಷ್ಟು ಸಡಿಲ, ಹುಳು ನುಸುಳದಷ್ಟು ಬಿಗಿ. ಗಂಡು ಹೂಗಳನ್ನು ಕಟ್ಟುವುದು ಮರೆಯಬೇಡಿ. ಬೇರೆ ಹೂವಿನಿಂದ ಬಂದ ಜೇನು ಅದರಲ್ಲಿ ಕೂತರೆ ಅಲ್ಲೂ ಹೊರಗಿನ ಪರಾಗ ಬೆರೆಯುತ್ತದೆ. ಹೆಣ್ಣು ಹೂವಿನಲ್ಲಿ ಕೇಸರ ಕೀಳುವ ಕೆಲಸವಿಲ್ಲ, ಗುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ.

ಬೆಳಗ್ಗೆ ಆರರಿಂದ ಎಂಟರೊಳಗೆ ಗಂಡು ಹೂ ಕಿತ್ತು, ಎಸಳು ಸುಲಿದು, ನಡುವಿನ ಕಡ್ಡಿಯನ್ನು ಬೆರಳಿಗೆ ಉಜ್ಜಿ ನೋಡಿ. ಹಳದಿ ಪುಡಿ ಅಂಟಬೇಕು, ಅಂಟದಿದ್ದರೆ ಹತ್ತು ನಿಮಿಷ ಬಿಟ್ಟು ನೋಡಿ. ಹೆಣ್ಣು ಹೂವಿನ ದಾರ ಬಿಚ್ಚಿ, ಒಳಗಿನ ಶಲಾಕಾಗ್ರದ, ಅಂದರೆ ನಡುವೆ ಪರಾಗ ಹಿಡಿಯುವ ಅಂಟುಭಾಗದ, ಪ್ರತಿ ಹೋಳಿನ ಮೇಲೂ ಪರಾಗ ಸವರಿ. ಜೈಂಟುಗಳಲ್ಲಿ ಅದು ನಾಲ್ಕೋ ಐದೋ ಹೋಳಾಗಿರುತ್ತದೆ. ಒಂದು ಹೋಳಿಗೆ ಕಡಿಮೆ ಬಿದ್ದರೆ ಆ ಬದಿಯ ಬೀಜ ತುಂಬದೆ ಕಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಬಹುದು. ಮತ್ತೆ ಕಟ್ಟಿ ಎರಡು ದಿನ ಬಿಡಿ. ಮಳೆ ಬರುವ ಹಾಗಿದ್ದರೆ ಮೇಲೆ ಬುಟ್ಟಿ ಕವುಚಿ, ನೀರು ತಾಗಿದರೆ ಪರಾಗ ಒಡೆದುಹೋಗುತ್ತದೆ. ಬಿಸಿಲು 32 ಡಿಗ್ರಿ ದಾಟುವ ದಿನ ಹೂವಿಗೆ ನೆರಳು ಕಟ್ಟಿ, ಇಲ್ಲದಿದ್ದರೆ ಹೀಚು ವಾರದೊಳಗೆ ಹಳದಿಯಾಗಿ ಉದುರುವ ಸಾಧ್ಯತೆ ಹೆಚ್ಚು. ಗುರುತಿನ ಚೀಟಿಯನ್ನು ಕಾಯಿಯ ತೊಟ್ಟಿಗೆ ಕಟ್ಟಬೇಡಿ, ಆ ತೊಟ್ಟು ಮುಂಗೈ ದಪ್ಪವಾಗುತ್ತದೆ, ದಾರ ಒಳಗೆ ಕಚ್ಚಿಕೊಂಡರೆ ಅಲ್ಲಿಂದ ಕೊಳೆ ಶುರು. ಪಕ್ಕದಲ್ಲಿ ಕಡ್ಡಿ ನೆಟ್ಟು ಅದಕ್ಕೆ ಕಟ್ಟಿ. ಪೆನ್ಸಿಲಿನಲ್ಲೇ ಬರೆಯಿರಿ, ಇಂಕು ಆಗಸ್ಟಿನ ಬಿಸಿಲಿಗೆ ಮಾಸುತ್ತದೆ. ತಾಯಿ ಹೆಸರು ಮೊದಲು, ತಂದೆ ಹೆಸರು ಆಮೇಲೆ, ತಾರೀಖು.

ಇನ್ನೊಂದು ಕೆಲಸವಿದೆ, ಬಹಳ ಜನ ಇದನ್ನು ಮಾಡುವುದಿಲ್ಲ. ಅದೇ ಸಂಜೆ ಅದೇ ಬಳ್ಳಿಯ ಇನ್ನೊಂದು ಹೆಣ್ಣು ಮೊಗ್ಗನ್ನೂ ಹಾಗೇ ಕಟ್ಟಿ, ಆದರೆ ಪರಾಗ ಹಾಕಬೇಡಿ. ವಾರದಲ್ಲಿ ಅದು ಬಾಡಿ ಉದುರಿದರೆ ನೀವು ಕಟ್ಟಿದ ಕಟ್ಟು ಹುಳುವನ್ನು ತಡೆದಿದೆ ಎಂದರ್ಥ, ನಿಮ್ಮ ಕ್ರಾಸನ್ನು ನಂಬಬಹುದು. ಅದು ಕಾಯಿ ಕಚ್ಚಿತೋ, ಕಟ್ಟು ಸಡಿಲವಿತ್ತು. ನನಗೆ ಆ ವರ್ಷ ಈ ಒಂದು ಹೂವು ಇದ್ದಿದ್ದರೆ ಬೀಜ ಗುಂಡಿಗೆ ಹೋಗುತ್ತಿರಲಿಲ್ಲ.

ನಿಮ್ಮ ಹಸಿರು ಸ್ಕ್ವಾಷ್ ಯಾವ ಜಾತಿಯದು ಎಂದು ಬರೆದಿಲ್ಲ, ಅದನ್ನು ನೋಡಿಕೊಳ್ಳಿ. ಅಟ್ಲಾಂಟಿಕ್ ಜೈಂಟ್, ಹಬ್ಬರ್ಡ್, ಕಬೋಚ, ಸ್ಪರ್ಧೆಗೆ ಬೆಳೆಯುವ ಹಸಿರು ಸ್ಕ್ವಾಷ್ ಎಲ್ಲ ಕುಕುರ್ಬಿಟ ಮ್ಯಾಕ್ಸಿಮಾ ಎಂಬ ಒಂದೇ ಜಾತಿ, ತಮ್ಮತಮ್ಮಲ್ಲೇ ಸಲೀಸಾಗಿ ಸೇರುತ್ತವೆ. ಸ್ಪರ್ಧೆಯಲ್ಲಿ ಹಳದಿ-ಕಿತ್ತಳೆಯನ್ನು ಪಂಪ್ಕಿನ್, ಹಸಿರು-ಬೂದು-ನೀಲಿಯನ್ನು ಸ್ಕ್ವಾಷ್ ಎಂದು ಬೇರೆ ಬೇರೆ ತೂಗುವುದು ಬಣ್ಣದ ಮೇಲೆ ಅಷ್ಟೇ, ರಕ್ತ ಒಂದೇ. ಜುಕಿನಿ, ಏಕಾರ್ನ್ ಸ್ಕ್ವಾಷ್ ಪೆಪೊ ಜಾತಿ, ಮ್ಯಾಕ್ಸಿಮಾ ಜೊತೆ ಹಿತ್ತಲಲ್ಲಿ ಸೇರುವುದು ತೀರಾ ಅಪರೂಪ. ಬಟರ್‌ನಟ್ ಮತ್ತು ನಮ್ಮೂರಿನ ಸಿಹಿಗುಂಬಳದ ಹೆಚ್ಚಿನ ತಳಿಗಳು ಮೊಸ್ಕೇಟಾ ಎಂಬ ಇನ್ನೊಂದು ಜಾತಿ. ಮ್ಯಾಕ್ಸಿಮಾ-ಮೊಸ್ಕೇಟಾ ಕಷ್ಟಪಟ್ಟರೆ ಸೇರುತ್ತವೆ, ಜಪಾನಿನ ಟೆಟ್ಸುಕಬುಟೊ ಅಂಥ ಹೈಬ್ರಿಡ್ಡೇ, ಆದರೆ ಅದರ ಗಂಡು ಹೂ ಬಂಜೆ, ಪಕ್ಕದಲ್ಲಿ ಬೇರೆ ಗುಂಬಳ ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಬೂದುಗುಂಬಳ ಈ ಕುಲವೇ ಅಲ್ಲ.

ಈಗ ನಿಮ್ಮ ಇನ್ನೊಂದು ಪ್ರಶ್ನೆ, ಕಿತ್ತಳೆ ಗೆಲ್ಲುತ್ತದೋ ಹಸಿರು ಗೆಲ್ಲುತ್ತದೋ. ಆ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಮ್ಯಾಕ್ಸಿಮಾದಲ್ಲಿ ಕೆಂಪು ಸಿಪ್ಪೆಯ ಆರ್‌ಡಿ ಎಂಬ ಜೀನ್ ಹಸಿರು, ಬಿಳಿ, ಹಳದಿ, ಬೂದುಗಳ ಮೇಲೆ ಪ್ರಬಲ ಎಂದು ಪುಸ್ತಕದಲ್ಲಿದೆ. ನೀಲಿ ಸಿಪ್ಪೆ ಹಸಿರಿನೆದುರು ಹೆಚ್ಚುಕಡಿಮೆ ಮಣಿಯುತ್ತದೆ ಎಂದೂ ಇದೆ. ಶುದ್ಧ ತಳಿಗಳಲ್ಲಿ ಅದು ಸರಿ. ಆದರೆ ಜೈಂಟುಗಳ ಕಿತ್ತಳೆಯೆಲ್ಲ ಆ ಒಂದೇ ಜೀನಿನಿಂದ ಬಂದಿರಬೇಕಾಗಿಲ್ಲ, ನನ್ನ ಗುಂಡಿಯ ಬಳ್ಳಿ ಆ ಲೆಕ್ಕಕ್ಕೆ ಒಗ್ಗಲೂ ಇಲ್ಲ. ಕೆನಡಾದ ನೋವಾ ಸ್ಕೋಷಿಯಾದ ಬೆಳೆಗಾರ ಹೊವಾರ್ಡ್ ಡಿಲ್ 1981ರಲ್ಲಿ 493.5 ಪೌಂಡಿನ ಕಾಯಿಯಿಂದ ವಿಶ್ವದಾಖಲೆ ಮಾಡಿದ ಮೇಲೆ ಅವರ ಬೀಜ ಎಲ್ಲ ಕಡೆ ಹರಡಿತು. ಅಂದಿನಿಂದ ಬೆಳೆಗಾರರು ಬೆನ್ನು ಹತ್ತಿದ್ದು ತೂಕವನ್ನು. 2017ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಜೋ ಜುಟ್ರಾಸ್ ತೂಗಿಸಿದ ಹಸಿರು ಸ್ಕ್ವಾಷ್ 2118 ಪೌಂಡ್ ಇತ್ತು. ಭಾರದ ಕಾಯಿಯ ಬೀಜ ಸಿಕ್ಕಿದರೆ ಬಣ್ಣ ಕೇಳದೆ ಕ್ರಾಸ್ ಮಾಡುತ್ತ ಬಂದ ವಂಶ ಇದು. ನಿಮ್ಮ ತಾಯಿ ಬಳ್ಳಿಯೊಳಗೇ ಹಸಿರು ಅಡಗಿರಬಹುದು, ತಂದೆಯೊಳಗೆ ಕಿತ್ತಳೆ ಇರಬಹುದು. ಹಾಗಾಗಿ ಒಂದೇ ಕಾಯಿಯ ಬೀಜಗಳು ಮೊದಲ ತಲೆಮಾರಿನಲ್ಲೇ ಬೇರೆ ಬೇರೆ ಬಣ್ಣ ತೋರಿಸಬಹುದು.

ಒಂದು ಬೀಜ ಬಿತ್ತಿ ತೀರ್ಪು ಕೊಡಬೇಡಿ. ಬರುವ ವರ್ಷ ಆರು ಬೀಜವಾದರೂ ಹಾಕಿ. ಜೈಂಟಿಗೆ ಕೊಡುವಂತೆ ಪ್ರತಿ ಬಳ್ಳಿಗೆ 50 ಚದರ ಮೀಟರ್ ಬೇಕಿಲ್ಲ. ಬಣ್ಣ ನೋಡುವುದಕ್ಕೆ ಎರಡು ಮೀಟರ್ ಅಂತರ ಸಾಕು, ಪಕ್ಕದ ಕವಲು ಚಿವುಟಿ, ಬಳ್ಳಿಗೆ ಒಂದು ಕಾಯಿ ಬಿಡಿ. ಎಳೆಯದರಲ್ಲಿ ಬಣ್ಣ ನೋಡಿ ಕಿತ್ತುಬಿಡಬೇಡಿ, ಬಲಿಯುತ್ತ ಬದಲಾಗುವುದುಂಟು. ಆರರಲ್ಲಿ ನಿಮಗೆ ಬೇಕಾದ ಬಣ್ಣಕ್ಕೆ ಹತ್ತಿರದ ಬಳ್ಳಿ ಯಾವುದೆಂದು ಗೊತ್ತಾಗುವಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತದೆ. ಆದ್ದರಿಂದ ಆರೂ ಬಳ್ಳಿಗಳಲ್ಲಿ ಅದದೇ ಬಳ್ಳಿಯ ಗಂಡು ಹೂವಿನಿಂದಲೇ ಪರಾಗ ಹಾಕಿ, ಕಟ್ಟಿ ಇಡಿ. ಆಮೇಲೆ ಆರಿಸಿಕೊಳ್ಳಬಹುದು. ಹಾಗೆ ಬಂದ ಎರಡನೇ ತಲೆಮಾರಿನಲ್ಲಿ ಒಂದೇ ಜೀನಿನ ಅಡಗಿದ ಬಣ್ಣ ನಾಲ್ಕರಲ್ಲಿ ಒಂದರಂತೆ ಹೊರಬರುತ್ತದೆ. ಅಂಥದ್ದು ಒಂದಾದರೂ ಸಿಗಲು ನೂರಕ್ಕೆ 95 ಭರವಸೆ ಬೇಕೆಂದರೆ 11 ಬಳ್ಳಿ ಬೆಳೆಯಬೇಕು. ಎರಡು ಜೀನ್ ಕೂಡಿ ಬರಬೇಕಾದರೆ 47. ಇದಕ್ಕೇ ನಾನು ಹೇಳುವುದು, ಬಣ್ಣವನ್ನೂ ದಾಖಲೆ ತೂಕವನ್ನೂ ಒಂದೇ ಹಿತ್ತಲಲ್ಲಿ ಒಟ್ಟಿಗೆ ಹುಡುಕಬೇಡಿ. ತೂಕವೇ ಬೇಕಿದ್ದರೆ ಹೊಸ ಬೀಜ ಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ನೀವು ಕೇಳಿದ್ದು ಬಣ್ಣವನ್ನು, ಕ್ರಾಸ್ ಆಗಿದ್ದರೆ ಅದಕ್ಕೆ ಬೇಕಾದ ಬೀಜ ಈಗಾಗಲೇ ನಿಮ್ಮ ಕಿತ್ತಳೆ ಕಾಯಿಯೊಳಗಿದೆ.

ಕಾಯಿಯನ್ನು ಇನ್ನೂ ಒಂದು ತಿಂಗಳು ಬಳ್ಳಿಯಲ್ಲೇ ಬಿಡಿ. 50 ದಿನಕ್ಕೆ ಕಡಿದರೆ ಹಲವು ಬೀಜ ಜೊಳ್ಳಾಗಿರಬಹುದು. ಚಳಿಗೆ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟುವ ಮುನ್ನ ಕೊಯ್ದು, ತಂಪಾದ ಒಣಜಾಗದಲ್ಲಿ ಎರಡು ಮೂರು ವಾರ ಇಟ್ಟು ಆಮೇಲೆ ಬಿಡಿಸಿ. ಬೀಜವನ್ನು ಬರೀ ನೀರಿನಲ್ಲಿ ತೊಳೆದು, ಜಾಳಿಗೆಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಫ್ಯಾನ್ ಗಾಳಿಗೆ ಒಣಗಿಸಿ. ಬಿಸಿಲು, ಓವನ್ ಬೇಡ. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ. ಬಗ್ಗಿಸಿದರೆ ಬಾಗದೆ ಟಕ್ ಎಂದು ಮುರಿಯುವಷ್ಟು ಒಣಗಿದ ಮೇಲೆ, ಬೆರಳ ನಡುವೆ ಒತ್ತಿ ಚಪ್ಪಟೆಯಾಗುವುದನ್ನೆಲ್ಲ ತೆಗೆದು, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಐದು ವರ್ಷಕ್ಕೆ ಮೋಸವಿಲ್ಲ. ಡಬ್ಬಿಯ ಮೇಲೆ ತಾಯಿ, ತಂದೆ, ವರ್ಷ ಬರೆಯಿರಿ. ಜೊತೆಗೆ ಹೂವನ್ನು ಸಂಜೆ ಕಟ್ಟಿದ್ದೋ ಬೆಳಗ್ಗೆ ಕಟ್ಟಿದ್ದೋ ಎಂಬುದನ್ನೂ ಬರೆಯಿರಿ. ಆರು ಬಳ್ಳಿಗಳಲ್ಲಿ ಒಂದರಲ್ಲೂ ಹಸಿರು ಕಾಣದೆ ಹೋದರೆ ನಿಮಗೆ ಮೊದಲು ಬೇಕಾಗುವುದು ಆ ಟಿಪ್ಪಣಿ.