ಮೊದಲು ‘ಅಪ್‌ಡೇಟ್’ ಒತ್ತಿ

ಪ್ರಶ್ನೆ: ಅಪ್‌ಡೇಟ್ ನಡುವೆ ಚಾರ್ಜ್ ಮುಗಿದು ನನ್ನ ಐಫೋನ್ 11 ಆಪಲ್ ಲೋಗೊದಲ್ಲೇ ನಿಂತುಬಿಟ್ಟಿದೆ. ಕಂಪ್ಯೂಟರ್‌ಗೆ ಜೋಡಿಸಿ ಸರಿಮಾಡಿದರೆ ಫೋಟೊಗಳು ಉಳಿಯುತ್ತವೆಯೇ?

ಉತ್ತರ: ಉಳಿಯುವ ಸಾಧ್ಯತೆ ಇದೆ, ಅವಸರ ಮಾಡಬೇಡಿ. ಕೇಬಲ್ ಜೋಡಿಸಿ, ಮ್ಯಾಕ್ ಆದರೆ ಫೈಂಡರ್, ವಿಂಡೋಸ್ ಆದರೆ ಆಪಲ್ ಡಿವೈಸಸ್ ಇಲ್ಲವೇ ಐಟ್ಯೂನ್ಸ್ ತೆರೆಯಿರಿ. ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿ ತಕ್ಷಣ ಬಿಡಿ, ತಗ್ಗಿಸುವುದನ್ನೂ ಹಾಗೆಯೇ. ಆಮೇಲೆ ಫೋನಿನ ಬಲಬದಿಯ ಪವರ್ ಬಟನ್ ಒತ್ತಿ ಹಿಡಿಯಿರಿ. ಲೋಗೊ ಕಂಡಿತೆಂದು ಬೆರಳು ತೆಗೆಯಬೇಡಿ, ಬಹಳ ಜನ ಎಡವುವುದು ಇಲ್ಲೇ. ಕೇಬಲ್ ಮತ್ತು ಕಂಪ್ಯೂಟರ್‌ನ ಚಿತ್ರ ಮೂಡಿದ ಮೇಲಷ್ಟೇ ಬಿಡಿ.

ಈಗ ಕಂಪ್ಯೂಟರ್ ‘ಅಪ್‌ಡೇಟ್’, ‘ರಿಸ್ಟೋರ್’ ಎಂದು ಎರಡು ಆಯ್ಕೆ ಕೊಡುತ್ತದೆ. ದಯವಿಟ್ಟು ಮೊದಲು ಅಪ್‌ಡೇಟ್ ಒತ್ತಿ. ಅದು ನಿಮ್ಮ ಫೋಟೊ ಮುಟ್ಟದೆ ತಂತ್ರಾಂಶವನ್ನಷ್ಟೇ ಮತ್ತೆ ಕೂರಿಸಲು ನೋಡುತ್ತದೆ. ರಿಸ್ಟೋರ್ ಎಲ್ಲವನ್ನೂ ಅಳಿಸಿಹಾಕುತ್ತದೆ. ಬ್ಯಾಕಪ್ ಇಲ್ಲದೆ ರಿಸ್ಟೋರ್ ಒತ್ತಿ, ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೊ ಕಳೆದುಕೊಂಡವಳು ನಾನು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಂಪ್ಯೂಟರ್‌ನಲ್ಲಿ ತಂತ್ರಾಂಶದ ಡೌನ್‌ಲೋಡ್ 15 ನಿಮಿಷ ಮೀರಿದರೆ ಫೋನ್ ತಾನಾಗಿ ರಿಕವರಿ ಮೋಡ್‌ನಿಂದ, ಅಂದರೆ ಕೇಬಲ್ ಚಿತ್ರ ಕಾಣುವ ಆ ಸ್ಥಿತಿಯಿಂದ, ಹೊರಬರುತ್ತದೆ. ಗಾಬರಿ ಬೇಡ. ಡೌನ್‌ಲೋಡ್ ಮುಗಿಯಲಿ, ಆಮೇಲೆ ಬಟನ್‌ಗಳನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಒತ್ತಿ.